ಹಳೆಯ ಸ್ಟಾರ್ ವಾರ್ಸ್: ಯಾವ ವರ್ಷನ್ ನೋಡಬೇಕು, ಒಂದು ಗುಂಡೇಟಿಗೆ ಇಷ್ಟು ಜಗಳ ಯಾಕೆ?

ನೀವು ಎರಡು ವಿಷಯ ಕೇಳಿದ್ದೀರಿ. ಹನ್ನೊಂದು ವರ್ಷದ ಮಗಳ ಜೊತೆ 1977ರ ಸ್ಟಾರ್ ವಾರ್ಸ್ ಮೊದಲ ಸಲ ನೋಡಬೇಕು, ಯಾವ ವರ್ಷನ್ ಹಾಕಲಿ ಅಂತ ಒಂದು. ಯಾರು ಮೊದಲು ಗುಂಡು ಹಾರಿಸಿದರು ಅನ್ನುವುದಕ್ಕೆ ಅಭಿಮಾನಿಗಳು ಇನ್ನೂ ಯಾಕೆ ಜಗಳ ಆಡುತ್ತಾರೆ ಅಂತ ಇನ್ನೊಂದು. ಎರಡನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಆ ಜಗಳ ನಮ್ಮ ಮನೆಯಲ್ಲೇ ನಡೆದಿದೆ.

1992ರ ಮಳೆಗಾಲ. ನನಗೂ ಆಗ ಹನ್ನೊಂದು ವರ್ಷ. ಮಂಗಳೂರಿನ ಬಿಜೈಯಲ್ಲಿ ದೊಡ್ಡಪ್ಪನ ಮನೆ. ದೊಡ್ಡಪ್ಪನ ಮಗ ಹಂಪನಕಟ್ಟೆಯ ಒಂದು ವಿಡಿಯೋ ಲೈಬ್ರರಿಯಿಂದ ಕ್ಯಾಸೆಟ್ ತಂದಿದ್ದ. ಹೊರಗೆ ಮಳೆ, ಟೀವಿ ಪರದೆಯ ಮೇಲೂ ಮಳೆಯಂಥದ್ದೇ ಗೆರೆ. ಒಂದು ದೃಶ್ಯದಲ್ಲಿ ಹಾನ್ ಸೋಲೋ ಅನ್ನುವ ಕಳ್ಳಸಾಗಣೆದಾರ ಮೇಜಿನ ಮುಂದೆ ಕೂತಿದ್ದಾನೆ. ಎದುರಿಗೆ ಗ್ರೀಡೋ ಅನ್ನುವವನು, ಬಂದೂಕು ಹಿಡಿದು ಬೆದರಿಸುತ್ತಿದ್ದಾನೆ. ಹಾನ್ ಮೆಲ್ಲಗೆ ಮೇಜಿನ ಕೆಳಗೆ ಕೈ ಇಳಿಸುತ್ತಾನೆ. ಢಂ! ಗ್ರೀಡೋ ಸತ್ತ. ನಾನು ಬೆಚ್ಚಿಬಿದ್ದೆ. ಒಳ್ಳೆಯವನು ಹೀಗೆ ಮಾಡಬಹುದಾ ಅಂತ ರಾತ್ರಿಯಿಡೀ ತಲೆಯಲ್ಲಿ ಓಡುತ್ತಿತ್ತು.

2005ರಲ್ಲಿ ಉಡುಪಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಡಿವಿಡಿ ಸೆಟ್ ತೆಗೆದುಕೊಂಡೆ. ಅದೇ ದೊಡ್ಡಪ್ಪನ ಮಗ, ನನ್ನ ಅಣ್ಣ, ಅವನೂ ಬಂದಿದ್ದ, ಒಟ್ಟಿಗೆ ಕೂತು ನೋಡಿದೆವು. ಅದೇ ದೃಶ್ಯ ಬಂತು. ಈ ಸಲ ಇಬ್ಬರೂ ಹೆಚ್ಚು ಕಡಿಮೆ ಒಟ್ಟಿಗೇ ಗುಂಡು ಹಾರಿಸಿದರು. 'ಇದು ಹೀಗಿರಲಿಲ್ಲ' ಅಂದೆ. 'ಹೀಗೇ ಇತ್ತು, ನೀನು ಚಿಕ್ಕವನು, ನಿನಗೆ ನೆನಪು ತಪ್ಪಿದೆ' ಅಂದ. ಕ್ಯಾಸೆಟ್ ಹುಡುಕಿ ತೋರಿಸೋಣ ಅಂದರೆ ಆ ಲೈಬ್ರರಿ ಯಾವತ್ತೋ ಮುಚ್ಚಿತ್ತು. ಕೊನೆಗೆ ನನಗೇ ನನ್ನ ನೆನಪಿನ ಮೇಲೆ ನಂಬಿಕೆ ಹೋಯಿತು. ಇದನ್ನು ದಯವಿಟ್ಟು ಸಣ್ಣ ವಿಷಯ ಅಂದುಕೊಳ್ಳಬೇಡಿ. ಬಾಲ್ಯದಲ್ಲಿ ಅಷ್ಟು ಗಟ್ಟಿಯಾಗಿ ಮನಸ್ಸಿಗೆ ನಾಟಿದ್ದು ನಡೆದೇ ಇರಲಿಲ್ಲ ಅಂತ ಯಾರಾದರೂ ಹೇಳಿದರೆ ಹೇಗಿರುತ್ತದೆ?

ಮುಂದಿನ ವರ್ಷದ ಕೊನೆಗೆ ದುಬೈಯಿಂದ ಬಂದ ಭಾವ 2006ರ ಡಿವಿಡಿ ತಂದುಕೊಟ್ಟರು. ಅದರಲ್ಲಿ ಥಿಯೇಟರಿನಲ್ಲಿ ಬಂದ ಹಳೆಯ ಸಿನಿಮಾ ಎರಡನೇ ಡಿಸ್ಕಿನಲ್ಲಿತ್ತು. ಹಾಕಿದೆ. ಗುಂಡು ಒಂದೇ, ಹಾರಿಸಿದ್ದು ಹಾನ್ ಒಬ್ಬನೇ. ರಾತ್ರಿ ಹನ್ನೊಂದಕ್ಕೆ ಅಣ್ಣನಿಗೆ ಫೋನ್ ಮಾಡಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಹಾಗಾದರೆ ನಾವು ನೋಡಿದ್ದು ಅದೇ, ಅಲ್ವಾ' ಅಂದ.

ನಡೆದದ್ದು ಇಷ್ಟು. 1997ರಲ್ಲಿ, ಸಿನಿಮಾಕ್ಕೆ ಇಪ್ಪತ್ತು ವರ್ಷ ತುಂಬಿದಾಗ, ನಿರ್ದೇಶಕ ಜಾರ್ಜ್ ಲೂಕಸ್ ಸ್ಪೆಷಲ್ ಎಡಿಷನ್ ಅಂತ ತಿದ್ದಿದ ವರ್ಷನ್ ಬಿಡುಗಡೆ ಮಾಡಿದರು. ಅದರಲ್ಲಿ ಗ್ರೀಡೋ ಮೊದಲು ಗುಂಡು ಹಾರಿಸುತ್ತಾನೆ, ಅಷ್ಟು ಹತ್ತಿರದಿಂದಲೂ ಗುರಿ ತಪ್ಪುತ್ತದೆ. 2004ರ ಡಿವಿಡಿಯಲ್ಲಿ ಎರಡು ಗುಂಡುಗಳ ನಡುವಿನ ಅಂತರ ಕಡಿಮೆಯಾಯಿತು. 2019ರಲ್ಲಿ ಸ್ಟ್ರೀಮಿಂಗಿಗೆ ಬಂದಾಗ ಗ್ರೀಡೋ ಬಾಯಿಗೆ 'ಮಕ್ಲಂಕಿ' ಅಂತ ಹೊಸ ಮಾತು ಸೇರಿತು. ಒಂದೇ ದೃಶ್ಯವನ್ನು ಪದೇ ಪದೇ ತಿದ್ದಿದ್ದಾರೆ. ಆದರೆ ಹಾನ್ ಪಾತ್ರಕ್ಕೆ ಆ ಗುಂಡು ಬೇಕೇ ಬೇಕು. ತನ್ನ ಜೀವ, ತನ್ನ ದುಡ್ಡು ಬಿಟ್ಟು ಬೇರೇನೂ ಬೇಡ ಅನ್ನುವವನು ಅವನು. ಅವನು ಅಲ್ಲಿಂದ ಶುರುವಾದರೆ ಮಾತ್ರ ಕೊನೆಯಲ್ಲಿ ಅವನು ಮಾಡುವ ಕೆಲಸಕ್ಕೆ ಬೆಲೆ. (ಏನು ಮಾಡುತ್ತಾನೆ ಅಂತ ಹೇಳುವುದಿಲ್ಲ, ನಿಮ್ಮ ಮಗಳು ನೋಡಲಿ.)

ಲೂಕಸ್ ಹೇಳುವುದರಲ್ಲೂ ಅರ್ಥ ಇದೆ. ಆಗ ದುಡ್ಡು ಸಾಲಲಿಲ್ಲ, ಸಮಯ ಸಾಲಲಿಲ್ಲ, ಮನಸ್ಸಿನಲ್ಲಿದ್ದ ಸಿನಿಮಾ ಇದೇ ಅಂತ ಅವರ ವಾದ. ಸಿನಿಮಾ ಅವರದು, ತಿದ್ದಲಿ. ಆದರೆ 1977ರ ಆ ಸಿನಿಮಾದ ಸ್ಪೆಷಲ್ ಎಫೆಕ್ಟ್ಸ್‌ಗೆ ಆಸ್ಕರ್ ಬಂದಿತ್ತು. ಜಾನ್ ಡೈಕ್ಸ್‌ಟ್ರಾ ಮತ್ತು ಅವರ ತಂಡ ಕೈಯಿಂದ ಮಾಡಿದ ಪುಟ್ಟ ಪುಟ್ಟ ಮಾದರಿ ವಿಮಾನಗಳನ್ನು ಇಟ್ಟು ಚಿತ್ರೀಕರಿಸಿದ ಕೆಲಸ ಅದು. 1997ರಲ್ಲಿ ಅಂಥ ಎಷ್ಟೋ ಶಾಟ್‌ಗಳ ಜಾಗಕ್ಕೆ ಕಂಪ್ಯೂಟರ್ ಗ್ರಾಫಿಕ್ಸ್ ಬಂತು. 1983ರ ಮೂರನೇ ಸಿನಿಮಾದ ಕೊನೆಯ ದೃಶ್ಯದಲ್ಲಿ ಸೆಬಾಸ್ಟಿಯನ್ ಶಾ ಅನ್ನುವ ನಟ ನಿಂತಿದ್ದರು. 2004ರಲ್ಲಿ ಅವರನ್ನು ತೆಗೆದು ಆ ಜಾಗದಲ್ಲಿ ಬೇರೆ ನಟನನ್ನು ನಿಲ್ಲಿಸಿದರು. ಶಾ ತೀರಿಹೋಗಿ ಆಗ ಹತ್ತು ವರ್ಷ ಆಗಿತ್ತು, ಕೇಳಲು ಅವರಿರಲಿಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ಬೇಸರ ಆಗಿದ್ದು ಇದರಿಂದ. ಸಿನಿಮಾ ಒಬ್ಬರ ಕೈಯಲ್ಲಿ ಆಗುವುದಿಲ್ಲ. ಇದೇ ಲೂಕಸ್ 1988ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಹೋಗಿ, ಹಳೆಯ ಸಿನಿಮಾಗಳಿಗೆ ಬಣ್ಣ ಹಚ್ಚಿ ಬದಲಾಯಿಸುವುದನ್ನು ವಿರೋಧಿಸಿ ಮಾತಾಡಿದ್ದರು. ಅವತ್ತಿನ ಅವರ ಪರವಾಗಿಯೇ ನಾನಿದ್ದೇನೆ.

ನಾವು ಕರಾವಳಿಯವರಿಗೆ ಈ ವಾದ ಹೊಸತಲ್ಲ. ರಾತ್ರಿಯಿಡೀ ನಡೆಯುವ ಯಕ್ಷಗಾನದ ಆಟ ಕೆಲವೇ ಗಂಟೆಗಳ ಕಾಲಮಿತಿಗೆ ಇಳಿದಾಗ, ವೇಷ ಕಟ್ಟುವ ಚೌಕಿಯಿಂದ ಹೋಟೆಲಿನ ಮೇಜಿನವರೆಗೆ ಎಷ್ಟು ಚರ್ಚೆ ಆಯಿತು! ಅದಕ್ಕೂ ಮೊದಲು ಶಿವರಾಮ ಕಾರಂತರು ಯಕ್ಷಗಾನಕ್ಕೆ ಪಿಟೀಲು, ಸ್ಯಾಕ್ಸೊಫೋನ್ ತಂದರು. ಕೆಲವರಿಗೆ ಇಷ್ಟ ಆಯಿತು, ಕೆಲವರಿಗೆ ಆಗಲಿಲ್ಲ. ಆದರೆ ಕಾರಂತರು ಹೊಸದು ಮಾಡಿದರು ಅಂತ ಮೇಳಗಳ ಚೆಂಡೆಯನ್ನು ಯಾರೂ ಬೀಗ ಹಾಕಿ ಇಡಲಿಲ್ಲ. ಎರಡೂ ಇತ್ತು, ಬೇಕಾದದ್ದನ್ನು ನೋಡಬಹುದಿತ್ತು. ಅಭಿಮಾನಿಗಳು ಕೇಳುವುದೂ ಇಷ್ಟೇ. ಹೊಸದು ಇರಲಿ, ಹಳೆಯದನ್ನೂ ಒಳ್ಳೆಯ ಪ್ರಿಂಟಿನಲ್ಲಿ ಕೊಡಿ.

ಕೊಟ್ಟವರೂ ಇದ್ದಾರೆ. ನಿರ್ದೇಶಕ ಸ್ಪೀಲ್‌ಬರ್ಗ್ 2002ರಲ್ಲಿ ತಮ್ಮ ಇ.ಟಿ. ಸಿನಿಮಾದಲ್ಲಿ ಅಧಿಕಾರಿಗಳ ಕೈಯಲ್ಲಿದ್ದ ಬಂದೂಕು ತೆಗೆದು ವಾಕಿಟಾಕಿ ಇಟ್ಟರು. ಆಮೇಲೆ ಅದು ತಪ್ಪಾಯಿತು ಅಂತ ಬಾಯಿಬಿಟ್ಟು ಹೇಳಿದರು, 2012ರ ಬ್ಲೂ-ರೇಯಲ್ಲಿ 1982ರ ಮೂಲವನ್ನೇ ಕೊಟ್ಟರು. ಅವರ ಮೇಲೆ ನನಗೆ ಗೌರವ ಜಾಸ್ತಿ ಆಗಿದ್ದು ಅವತ್ತು. ಬ್ಲೇಡ್ ರನ್ನರ್ ಇನ್ನೂ ಒಳ್ಳೆಯ ಉದಾಹರಣೆ. 1982ರಲ್ಲಿ ನಿರ್ಮಾಪಕರು ಹಿನ್ನೆಲೆ ಮಾತು ಸೇರಿಸಿ, ಸುಖಾಂತ್ಯ ಅಂಟಿಸಿದ್ದರು. ಆ ಕೊನೆಯ ಬೆಟ್ಟಗುಡ್ಡಗಳ ದೃಶ್ಯ ಕುಬ್ರಿಕ್ ಅವರ ದಿ ಶೈನಿಂಗ್‌ಗೆ ತೆಗೆದು ಉಳಿದಿದ್ದ ಫಿಲ್ಮ್. ಅದನ್ನೆಲ್ಲ ಕಿತ್ತು ನಿರ್ದೇಶಕ ರಿಡ್ಲಿ ಸ್ಕಾಟ್ 2007ರಲ್ಲಿ ಫೈನಲ್ ಕಟ್ ಅನ್ನುವ ತಮ್ಮ ವರ್ಷನ್ ತಂದರು. ಹಾಗಂತ ಹಳೆಯದನ್ನು ಮುಚ್ಚಿಡಲಿಲ್ಲ. ಒಂದೇ ಪೆಟ್ಟಿಗೆಯಲ್ಲಿ ಐದು ವರ್ಷನ್ ಬಂತು. ನನಗೆ ಫೈನಲ್ ಕಟ್ಟೇ ಇಷ್ಟ, ಅಣ್ಣನಿಗೆ ಇವತ್ತಿಗೂ ಹಿನ್ನೆಲೆ ಮಾತು ಬೇಕು. ಅವನ ಡಿಸ್ಕ್ ಅವನಿಗೆ, ನನ್ನದು ನನಗೆ.

ಇನ್ನೊಂದು ಬದಲಾವಣೆ ಕಣ್ಣಿಗೆ ಬೇಗ ಬೀಳುವುದಿಲ್ಲ. ಹಳೆಯ ಫಿಲ್ಮಿನಲ್ಲಿ ಸಣ್ಣ ಮರಳಿನಂಥ ಕಣ ಕಾಣುತ್ತದಲ್ಲ, ಗ್ರೇನ್ ಅನ್ನುತ್ತಾರೆ. ಅದು ಕೊಳೆ ಅಲ್ಲ, ಚಿತ್ರ ಮೂಡಿರುವುದೇ ಆ ಕಣಗಳಿಂದ. ಡಿಸ್ಕ್ ಮಾಡುವಾಗ ಸಾಫ್ಟ್‌ವೇರ್ ಹಾಕಿ ಅದನ್ನು ಒರೆಸಿದರೆ ಚರ್ಮದ ಗೆರೆ, ಬಟ್ಟೆಯ ನೂಲು ಎಲ್ಲ ಒಟ್ಟಿಗೆ ಹೋಗುತ್ತದೆ. 2017ರ ಟರ್ಮಿನೇಟರ್ 2 ಫೋರ್‌ಕೆ (4K, ಅತಿ ಸ್ಪಷ್ಟ ಚಿತ್ರದ) ಡಿಸ್ಕಿನಲ್ಲಿ ಮುಖಗಳು ಮೇಣದ ಗೊಂಬೆ ಹಾಗೆ ಕಾಣುತ್ತವೆ. 2024ರಲ್ಲಿ ಏಲಿಯನ್ಸ್ ಫೋರ್‌ಕೆಯಲ್ಲಿ ಬಂದಾಗಲೂ ಇದೇ ಜಗಳ. ಫೋರ್‌ಕೆ ಅಂತ ಬರೆದಿದ್ದರೆ ಕಣ್ಣು ಮುಚ್ಚಿ ಕೊಳ್ಳಬೇಡಿ.

ಈಗ ನಿಮ್ಮ ಮೊದಲ ಪ್ರಶ್ನೆ. ಸ್ಟ್ರೀಮಿಂಗ್‌ನಲ್ಲಿ ಸಿಗುವುದು 2019ರ ತಿದ್ದಿದ ವರ್ಷನ್. ಚಿತ್ರ ಸ್ವಚ್ಛ, ಶಬ್ದ ಚೆನ್ನಾಗಿದೆ. ಬೇರೇನೂ ಸಿಗದಿದ್ದರೆ ಅದನ್ನೇ ಹಾಕಿ, ಸಿನಿಮಾ ಅದರಲ್ಲೂ ಸತ್ತಿಲ್ಲ. ಆದರೆ ಸಾಧ್ಯ ಆದರೆ 2006ರ ಡಿವಿಡಿಯ ಎರಡನೇ ಡಿಸ್ಕ್ ಹುಡುಕಿ. ಅದರ ಚಿತ್ರ 1993ರ ಲೇಸರ್‌ಡಿಸ್ಕ್‌ಗೆ (ಡಿವಿಡಿಗಿಂತ ಹಳೆಯ ದೊಡ್ಡ ಡಿಸ್ಕ್) ಮಾಡಿದ ಮೂಲಪ್ರತಿಯಿಂದ ತೆಗೆದದ್ದು, ಹಾಗಾಗಿ ಮಂಕು. ಈಗಿನ ಅಗಲದ ಟೀವಿಯಲ್ಲಿ ನಾಲ್ಕೂ ಕಡೆ ಕಪ್ಪು ಬಿಟ್ಟು ಮಧ್ಯದಲ್ಲಿ ಚಿಕ್ಕದಾಗಿ ಕೂರುತ್ತದೆ. ಝೂಮ್ ಮಾಡಿದರೆ ನಡೆಯುತ್ತದೆ. ಇದು ಸಾಲದು ಅಂತಲೇ ಕೆಲವು ಅಭಿಮಾನಿಗಳು ಹಳೆಯ 35 ಎಂಎಂ ಪ್ರಿಂಟ್ ಹುಡುಕಿ, ಸ್ಕ್ಯಾನ್ ಮಾಡಿ, ವರ್ಷಗಟ್ಟಲೆ ಕೂತು ಸ್ವಚ್ಛ ಮಾಡಿದರು. ಅದು ಅಧಿಕೃತ ಅಲ್ಲ. ಆದರೆ ಆ ಶ್ರಮದ ಹಿಂದಿನ ಪ್ರೀತಿ ನನಗೆ ಅರ್ಥ ಆಗುತ್ತದೆ.

ಹೊರಗಿನಿಂದ ತರಿಸುವುದಾದರೆ ರೀಜನ್ ನೋಡಿ, ಅಂದರೆ ಡಿಸ್ಕ್ ಯಾವ ದೇಶಗಳ ಪ್ಲೇಯರಿನಲ್ಲಿ ಓಡುತ್ತದೆ ಅನ್ನುವ ಗುರುತು. ಡಿವಿಡಿಗೆ ಭಾರತ ರೀಜನ್ 5, ಬ್ಲೂ-ರೇಗೆ ರೀಜನ್ ಸಿ. ಅಮೆರಿಕದ ಬ್ಲೂ-ರೇ ರೀಜನ್ ಎ, ಹಾಗಾಗಿ ಬೀಗ ಇರುವ ಡಿಸ್ಕ್ ಇಲ್ಲಿಯ ಪ್ಲೇಯರಿನಲ್ಲಿ ಓಡುವುದಿಲ್ಲ. ಹಾಗೆ ನನ್ನ ಒಂದು ತಿಂಗಳ ಉಳಿತಾಯ ಹೋಗಿದೆ. ಫೋರ್‌ಕೆ ಡಿಸ್ಕಿಗೆ ಈ ಕಾಟ ಇಲ್ಲ. ಮತ್ತೆ ನಮ್ಮ ಊರಿನ ಆಟಿ ತಿಂಗಳ ಮಳೆ ನಿಮಗೆ ಗೊತ್ತಲ್ಲ, ಗೋಡೆಗೂ ಬೂಷ್ಟು. ಡಿಸ್ಕ್‌ಗಳನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ನೀವು ಮಂಗಳೂರಿನವರು ಅಂತ ಬರೆದಿದ್ದೀರಿ. ನನ್ನ 2006ರ ಡಿಸ್ಕ್ ಉಡುಪಿಯ ಮನೆಯಲ್ಲಿದೆ, ಕಳೆದ ತಿಂಗಳು ಹಾಕಿ ನೋಡಿದಾಗ ಎಲ್ಲೂ ತಡೆಯದೆ ಓಡಿತು. ಹೊಸದು ಹುಡುಕುವ ಮೊದಲು ನನಗೊಂದು ಮೆಸೇಜ್ ಹಾಕಿ. ಶನಿವಾರ ಆ ಕಡೆ ಬರುವುದಿದೆ, ತಂದುಕೊಡುತ್ತೇನೆ. ಮೇಜಿನ ದೃಶ್ಯ ಬಂದಾಗ ಮಗಳಿಗೆ ಮುಂಚೆ ಏನೂ ಹೇಳಬೇಡಿ.