ನೀಟ್‌ಗೆ ಇನ್ನೊಂದು ವರ್ಷ ಕೊಡಲೇ, ಬಿಎಸ್ಸಿ ಸೇರಲೇ?

ಪ್ರಶ್ನೆ: ನಮ್ಮದು ಸಿಂಧನೂರು ಹತ್ತಿರದ ಹಳ್ಳಿ. ನೀಟ್‌ನಲ್ಲಿ 720ಕ್ಕೆ 376 ಬಂತು. ಜೀವಶಾಸ್ತ್ರ 245, ರಸಾಯನಶಾಸ್ತ್ರ 90, ಭೌತಶಾಸ್ತ್ರ 41. ಭೌತಶಾಸ್ತ್ರದಲ್ಲಿ 17 ಸರಿ, 27 ತಪ್ಪು, ಒಂದು ಬಿಟ್ಟಿದ್ದೆ. ಸರ್ಕಾರಿ ಸೀಟು ಸಿಗಲಿಲ್ಲ. ಖಾಸಗಿ ಕಾಲೇಜಿನ ಫೀಸು ಅಪ್ಪನ ಕೈಲಾಗದು. ಅಮೆರಿಕದಲ್ಲಿರುವ ಚಿಕ್ಕಪ್ಪ ‘ಮೊದಲು ಡಿಗ್ರಿ ಮಾಡು, ಆಮೇಲೆ ಮೆಡಿಕಲ್’ ಅಂತಾರೆ. ಹುಡುಗಿ ಮನೇಲಿ ಕೂತರೆ ಸಂಬಂಧ ಕೇಳಿಕೊಂಡು ಬರುತ್ತಾರೆ ಅಂತ ಅಮ್ಮನಿಗೆ ಭಯ. ಬಿಎಸ್ಸಿ ಸೇರಿ, ಜೊತೆಗೇ ನೀಟ್ ಓದಲೇ?

ಉತ್ತರ (ಪಿಯು ಕಾಲೇಜು ಉಪನ್ಯಾಸಕಿ, ರಾಯಚೂರು):

ಚಿಕ್ಕಪ್ಪನ ಮಾತು ಅವರಿರುವ ದೇಶಕ್ಕೆ ಸರಿ. ಅಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಡಿಗ್ರಿ ಮುಗಿದ ಮೇಲೇ ಮೆಡಿಕಲ್ ಕಾಲೇಜು. ಡಿಗ್ರಿಯ ಅಂಕ, ಎಂಕ್ಯಾಟ್ ಅನ್ನುವ ಅಲ್ಲಿನ ಪ್ರವೇಶ ಪರೀಕ್ಷೆ, ಆಸ್ಪತ್ರೆಯಲ್ಲಿ ದುಡಿದ ಅನುಭವ ಎಲ್ಲವನ್ನೂ ನೋಡುತ್ತಾರೆ. ನಮ್ಮಲ್ಲಿ ಪಿಯುಸಿ ಆದ ಕೂಡಲೇ ಎಂಬಿಬಿಎಸ್, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಸೀಟು ಹಂಚುವಾಗ ನೋಡುವುದು ನೀಟ್ ರ‍್ಯಾಂಕ್. ಬಿಎಸ್ಸಿಯಲ್ಲಿ ನೀವು ಚಿನ್ನದ ಪದಕ ತಂದರೂ ಅದಕ್ಕೆ ಒಂದು ಅಂಕವೂ ಸೇರುವುದಿಲ್ಲ.

ಬಿಎಸ್ಸಿ ಜೊತೆಗೇ ನೀಟ್ ಅಂದಿರಲ್ಲ, ನನಗೆ ಜಾಸ್ತಿ ಚಿಂತೆ ಅದರದ್ದೇ. ಬೆಳಿಗ್ಗೆ ಬಸ್ಸು, ಕ್ಲಾಸು, ಪ್ರಾಕ್ಟಿಕಲ್ ರೆಕಾರ್ಡು, ಇಂಟರ್ನಲ್ಸು. ಸೆಮಿಸ್ಟರ್ ಪರೀಕ್ಷೆ ಮುಗಿಸಿ ಉಸಿರು ಬಿಡುವಷ್ಟರಲ್ಲಿ ನೀಟ್ ಬಂದಿರುತ್ತದೆ. ಹೀಗೆ ಎರಡು ದೋಣಿಯಲ್ಲಿ ಕಾಲಿಟ್ಟು, ಬಿಎಸ್ಸಿಯಲ್ಲಿ ಸಪ್ಲಿಮೆಂಟರಿ, ನೀಟ್‌ನಲ್ಲಿ ಹಳೇ ಅಂಕ ಅಂತ ಅತ್ತ ಮಕ್ಕಳನ್ನು ನಾನು ಕಂಡಿದ್ದೇನೆ. ಅವರಲ್ಲಿ ದಡ್ಡರು ಯಾರೂ ಇರಲಿಲ್ಲ.

ಈಗ ನಿಮ್ಮ ಅಂಕ ನೋಡೋಣ. ನೀಟ್‌ನಲ್ಲಿ ಒಂದು ತಪ್ಪಿಗೆ ಒಂದು ಅಂಕ ಕಳೆಯುತ್ತಾರೆ, ಭೌತಶಾಸ್ತ್ರದ 27 ತಪ್ಪಿಗೆ 27 ಅಂಕ ಹೋಗಿದೆ. ಅವನ್ನು ಸುಮ್ನೆ ಬಿಟ್ಟಿದ್ದರೂ 403 ಆಗುತ್ತಿತ್ತು. ಗೊತ್ತಿಲ್ಲದ್ದನ್ನು ಊಹೆ ಮಾಡಿ ತುಂಬಿದ್ದೀರಿ ಅನ್ನಿಸುತ್ತದೆ. ಆದರೆ ಊಹೆ ನಿಲ್ಲಿಸಿದರಷ್ಟೇ ಸೀಟು ಬರುವುದಿಲ್ಲ, ಆ 27ರಲ್ಲಿ ಅರ್ಧವಾದರೂ ಸರಿ ಆಗಬೇಕು. ನೀವು ಉತ್ತರ ಗುರುತು ಮಾಡಿದ ಓಎಂಆರ್ ಹಾಳೆಯ ಪ್ರತಿ ಮತ್ತು ಅಧಿಕೃತ ಉತ್ತರಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಪ್ರತಿ ತಪ್ಪಿನ ಮುಂದೆ ಕಾರಣ ಬರೆಯಿರಿ. ಪಾಠವೇ ಓದಿರಲಿಲ್ಲವೋ, ಸೂತ್ರ ಗೊತ್ತಿದ್ದೂ ಲೆಕ್ಕ ತಪ್ಪಿತೋ, ಸಮಯ ಸಾಲಲಿಲ್ಲವೋ? ಜೀವಶಾಸ್ತ್ರ ಇಷ್ಟು ಬಂದಿರುವ ಹುಡುಗಿಗೆ ಓದುವ ಅಭ್ಯಾಸ ಇದೆ ಅಂತಲೇ ಅರ್ಥ. ಹೆಚ್ಚಿನ ತಪ್ಪು ಮೊದಲಿನ ಎರಡು ಕಾರಣದ್ದಾದರೆ, ಒಂದು ವರ್ಷ ತಗೊಳ್ಳಿ ಅಂತ ಧೈರ್ಯವಾಗಿ ಹೇಳುತ್ತೇನೆ. ಆದರೆ ಹೋದ ವರ್ಷದ ಹಾಗೇ ಓದುವುದಾದರೆ ಬೇಡ. ಈ ಸಲ ದಿನದ ಮೊದಲ ಮೂರು ಗಂಟೆ ಭೌತಶಾಸ್ತ್ರದ ಲೆಕ್ಕಕ್ಕೇ ಇರಲಿ.

ಇನ್ನೊಂದು ಮಾತು, ಇದನ್ನು ನಮ್ಮ ಕಡೆಯವರೇ ಹೇಳಬೇಕು. 2024, 2025ರಲ್ಲಿ ನೀಟ್ ನಡೆದದ್ದು ಮೇ ಮೊದಲ ಭಾನುವಾರ, ಮಧ್ಯಾಹ್ನ 2 ಗಂಟೆಯಿಂದ. ಆ ಹೊತ್ತಿಗೆ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟಿರುತ್ತದೆ, ತಲೆ ಮಂಕಾಗಿರುತ್ತದೆ. ಮಾದರಿ ಪರೀಕ್ಷೆಗಳನ್ನು ತಂಪು ಬೆಳಗಿನಲ್ಲಿ ಬರೆಯಬೇಡಿ. ಫೆಬ್ರುವರಿಯಿಂದ ವಾರಕ್ಕೊಮ್ಮೆ ಮಧ್ಯಾಹ್ನ 2ರಿಂದ 5ರವರೆಗೆ 180 ಪ್ರಶ್ನೆ ಬರೆದು ರೂಢಿ ಮಾಡಿಕೊಳ್ಳಿ.

ವರ್ಷ ಬಿಟ್ಟರೆ ಹಕ್ಕು ಹೋಗುತ್ತದಾ ಅನ್ನುವ ಹೆದರಿಕೆ ಬೇಡ. ನೀಟ್‌ಗೆ ಇಷ್ಟೇ ಸಲ ಅನ್ನುವ ಮಿತಿ ಇಲ್ಲ, ಗರಿಷ್ಠ ವಯಸ್ಸಿನ ಮಿತಿಯೂ ಇಲ್ಲ. ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಸಂವಿಧಾನದ 371ಜೆ ವಿಧಿಯ ಅಡಿ ಸಿಗುವ ಮೀಸಲಾತಿ ಮುಂದಿನ ವರ್ಷವೂ ಇರುತ್ತದೆ. ಈ ಭಾಗದ ಕಾಲೇಜುಗಳಲ್ಲಿ ಅದು ಶೇ 70. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯ ಸರ್ಕಾರಿ ಕಾಲೇಜು ಮೂರೂ ಈ ಭಾಗದಲ್ಲೇ ಇವೆ. ಒಂದರಿಂದ ಹತ್ತನೇ ಕ್ಲಾಸ್ ಹಳ್ಳಿಯಲ್ಲೇ ಓದಿದ್ದರೆ ಗ್ರಾಮೀಣ ಮೀಸಲಾತಿಯ ಪತ್ರವನ್ನೂ ಈಗಲೇ ಮಾಡಿಸಿಡಿ. ಕೌನ್ಸೆಲಿಂಗ್ ಹೊತ್ತಿಗೆ ಕಚೇರಿ ಅಲೆದಾಟ ಬೇಡ.

ಕೃಷಿ ಇಷ್ಟವೇ? ಹಾಗಿದ್ದರೆ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಬಿಎಸ್ಸಿ ಅಗ್ರಿಯ ಮಾತೇ ಬೇರೆ. ಅದಕ್ಕೆ ಸಿಇಟಿ, ನಾಲ್ಕು ವರ್ಷ, ಮುಂದೆ ಅದರದ್ದೇ ಕೆಲಸಗಳಿವೆ. ಮನಸ್ಸಿಟ್ಟು ಸೇರಿ, ನೀಟ್ ಪುಸ್ತಕ ಮುಚ್ಚಿಡಿ. ಡಾಕ್ಟರ್ ಆಗುವವರೆಗೆ ಎಲ್ಲಾದರೂ ಇರೋಣ ಅಂತ ಯಾವ ಕೋರ್ಸಿಗೂ ಸೇರಬೇಡಿ. ನಡುವೆ ಬಿಡುವಾಗ ಮೂಲ ಅಂಕಪಟ್ಟಿ ವಾಪಸ್ ಪಡೆಯುವುದೇ ದೊಡ್ಡ ತಾಪತ್ರಯ ಆಗಬಹುದು.

ಅಮ್ಮನ ಭಯ ಸುಳ್ಳಲ್ಲ. ಹುಡುಗಿ ಮನೆಯಲ್ಲಿ ಕಂಡರೆ ಕೇಳುವವರು ಬರುತ್ತಾರೆ, ಅಡುಗೆ ಮನೆ ಕೆಲಸವೂ ತಾನಾಗೇ ಮೈಮೇಲೆ ಬೀಳುತ್ತದೆ. ಅದಕ್ಕೇ ಈ ವರ್ಷ ಮನೆಯಲ್ಲಿ ಕೂರಬೇಡಿ. ಕೋಚಿಂಗ್‌ಗೆ ಹೈದರಾಬಾದ್‌ಗೇ ಹೋಗಬೇಕಂತಿಲ್ಲ. ಸಿಂಧನೂರಲ್ಲೋ ರಾಯಚೂರಲ್ಲೋ ಒಂದು ಲೈಬ್ರರಿ ಹುಡುಕಿ, ಕಾಲೇಜಿಗೆ ಹೋದಂತೆ ಬೆಳಿಗ್ಗೆ ಹೋಗಿ ಸಂಜೆ ಬನ್ನಿ. ಅಪ್ಪ ಅಮ್ಮ ಇಬ್ಬರನ್ನೂ ಕೂರಿಸಿಕೊಂಡು ಮೂರು ವಿಷಯ ಈಗಲೇ ಮಾತಾಡಿ: ಮುಂದಿನ ನೀಟ್ ಫಲಿತಾಂಶದವರೆಗೆ ಮದುವೆ ಮಾತಿಲ್ಲ, ಡಿಸೆಂಬರ್‌ನಲ್ಲಿ ಮಾದರಿ ಪರೀಕ್ಷೆಯ ಅಂಕ ಮೂವರೂ ನೋಡುವುದು, ಈ ಸಲ ಸೀಟು ಸಿಗದಿದ್ದರೆ ಯಾವ ಕೋರ್ಸ್ ಅನ್ನುವುದು. ಆ ಕೋರ್ಸಿನ ಹೆಸರನ್ನು ನೀವೇ ಆರಿಸಿ, ಕ್ಯಾಲೆಂಡರ್ ಮೇಲೆ ಬರೆದಿಡಿ.