ಬೀದಿಯ ಕಹಳೆ, ಕೆಮಿಸ್ಟ್ರಿಯ ಪದವಿ

ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಕಳೆದ ಸಂಚಿಕೆಯಲ್ಲಿ ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಕುರಿತ ಲೇಖನ ಓದಿದೆ. ಗುರುವಿಲ್ಲ, ಪಾಠವಿಲ್ಲ, ಬೀದಿಯಲ್ಲಿ ಊದುತ್ತ ಊದುತ್ತಲೇ ದೊಡ್ಡವರಾದರು ಅನ್ನುವುದಾದರೆ ಅದನ್ನು ವಿದ್ಯೆ ಅನ್ನಬಹುದೇ? ಹಳೆಯ ಜಾಝ್, ಅದರಿಂದ ಬೆಳೆದ ಸ್ವಿಂಗ್ ಎಂಬ ಕುಣಿತದ ಸಂಗೀತ ನುಡಿಸಿದವರು ಎಂಥ ಮನೆಗಳಿಂದ ಬಂದವರು? ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು? ನನ್ನ ಮೊಮ್ಮಗ ಕಾಲೇಜು ಬಿಟ್ಟು ಸ್ಯಾಕ್ಸೊಫೋನ್ ಹಿಡಿಯುತ್ತೇನೆಂದು ಕೂತಿದ್ದಾನೆ. ಅವನಿಗೆ ನಿಮ್ಮ ಲೇಖನವೇ ಆಧಾರ. ಈ ಸಂಗೀತ ನಮ್ಮ ದೇಶಕ್ಕೆ ಬಂದಿತ್ತೇ ಎಂಬುದನ್ನೂ ತಿಳಿಸಿ.’

ಮೇಷ್ಟ್ರೇ, ನಮಸ್ಕಾರ. ಮೊಮ್ಮಗನ ವಿಷಯಕ್ಕೆ ನಾನು ತಲೆಹಾಕುವುದಿಲ್ಲ. ಮನೆಮಂದಿಯೆಲ್ಲ ಸೇರಿ ಸಂಪಾದಕನನ್ನು ಬೈಯುವ ಪ್ರಸಂಗ ಯಾಕೆ? ಆದರೆ ಆರ್ಮ್‌ಸ್ಟ್ರಾಂಗ್ ಅವರಿಗೆ ಗುರುವಿರಲಿಲ್ಲ ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಒಬ್ಬರಲ್ಲ, ಲೆಕ್ಕ ಹಾಕಿದರೆ ನಾಲ್ವರಾದರೂ ಸಿಗುತ್ತಾರೆ.

ಹುಟ್ಟಿದ್ದು 1901ರಲ್ಲಿ, ಅಮೆರಿಕದ ದಕ್ಷಿಣದ ಲೂಯಿಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್‌ನ ಕಡುಬಡತನದ ಕೇರಿಯಲ್ಲಿ. ಲಿಥುವೇನಿಯಾದಿಂದ ಬಂದಿದ್ದ ಯಹೂದಿ ಕುಟುಂಬವೊಂದರ ಗುಜರಿ ಗಾಡಿಯಲ್ಲಿ ಕೂತು ತಗಡಿನ ಪೀಪಿ ಊದಿ ಗಿರಾಕಿಗಳನ್ನು ಕರೆಯುತ್ತಿದ್ದ ಹುಡುಗ. 1912ರ ಡಿಸೆಂಬರ್ 31ರ ರಾತ್ರಿ ಮನೆಯಲ್ಲಿದ್ದ ಪಿಸ್ತೂಲು ತಂದು ಆಕಾಶಕ್ಕೆ ಗುಂಡು ಹಾರಿಸಿದ. ಪೊಲೀಸರು ಹಿಡಿದು ಕರಿಯ ಮಕ್ಕಳ ಸುಧಾರಣಾಲಯಕ್ಕೆ ಹಾಕಿದರು. ಅಲ್ಲಿ ಬ್ಯಾಂಡ್ ಕಲಿಸುತ್ತಿದ್ದವರು ಪೀಟರ್ ಡೇವಿಸ್. ಅವರು ಮೊದಲ ದಿನವೇ ಟ್ರಂಪೆಟ್ಟಿನಂಥ ಚಿಕ್ಕ ಕಹಳೆ ಕಾರ್ನೆಟ್ ಕೊಡಲಿಲ್ಲ. ಖಂಜಿರದಂಥ ಟ್ಯಾಂಬೊರಿನ್‌ನಿಂದ ಶುರುಮಾಡಿಸಿ, ಬೇರೆ ಕಹಳೆಗಳನ್ನು ದಾಟಿಸಿ, ಕೊನೆಗೆ ಕಾರ್ನೆಟ್ ಕೈಗಿತ್ತರು. ಹೊರಗೆ ಬಂದ ಮೇಲೆ ಕಲ್ಲಿದ್ದಲು ಗಾಡಿ ಹೊಡೆಯುತ್ತಲೇ ಊರಿನ ಹೆಸರಾಂತ ಕಾರ್ನೆಟ್ ವಾದಕ ಕಿಂಗ್ ಆಲಿವರ್ ಅವರ ಹಿಂದೆ ಬಿದ್ದ. ಆಲಿವರ್ ಪಾಠ ಹೇಳಿದರು, ಹಳೆಯ ಕಾರ್ನೆಟ್ಟೊಂದನ್ನೂ ಕೊಟ್ಟರು. ಮೂರನೆಯ ಶಾಲೆ ಮಿಸಿಸಿಪಿ ನದಿಯ ಸ್ಟೀಮರ್‌ಗಳು. ಫೇಟ್ ಮಾರಬಲ್ ಅವರ ಮೇಳದಲ್ಲಿ ಸ್ವರಲಿಪಿ ಓದಲು ಬಾರದವನಿಗೆ ಜಾಗವಿರಲಿಲ್ಲ. ಅದೇ ಮೇಳದ ಡೇವಿಡ್ ಜೋನ್ಸ್ ಬಿಡುವಿನಲ್ಲಿ ಕೂರಿಸಿಕೊಂಡು ಓದು ಕಲಿಸಿದರು. 1922ರಲ್ಲಿ ಆಲಿವರ್ ಶಿಕಾಗೊಗೆ ಕರೆಸಿಕೊಂಡರು. ಆ ಮೇಳದಲ್ಲಿ ಪಿಯಾನೊ ನುಡಿಸಿದವರು ಫಿಸ್ಕ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದಿದ್ದ ಲಿಲ್ ಹಾರ್ಡಿನ್. ಮುಂದೆ ಆಕೆ ಇವರ ಹೆಂಡತಿಯಾದರು. ‘ಎರಡನೆಯ ಕಾರ್ನೆಟ್ ಊದಿಕೊಂಡೇ ಇರುತ್ತೀಯಾ’ ಎಂಬ ಧಾಟಿಯಲ್ಲಿ ಚುಚ್ಚಿ ನ್ಯೂಯಾರ್ಕಿಗೆ ಹೊರಡಿಸಿದವರು ಆಕೆಯೇ. ಇಷ್ಟು ಜನರ ಕೈ ದಾಟಿ ಬಂದವರನ್ನು ತಾನಾಗಿ ಬೆಳೆದ ಕಾಡುಮರ ಅನ್ನುವುದು ಹೇಗೆ?

ನ್ಯೂ ಆರ್ಲಿಯನ್ಸ್‌ನಲ್ಲಿ ಇನ್ನೊಂದು ವರ್ಗವಿತ್ತು. ಫ್ರೆಂಚ್, ಆಫ್ರಿಕನ್ ರಕ್ತ ಬೆರೆತ ಕ್ರಿಯೋಲ್ ಕುಟುಂಬಗಳು. ಇವರದು ಕಸುಬುದಾರರ ಕೇರಿ: ಗಾರೆ ಕೆಲಸ, ತಗಡಿನ ಕೆಲಸ, ಚುಟ್ಟಾ ಕಟ್ಟುವುದು, ಜೋಡು ಹೊಲಿಯುವುದು. ಮಕ್ಕಳಿಗೆ ಕಸುಬಿನ ಜೊತೆ ಕ್ರಮಬದ್ಧ ಸಂಗೀತಪಾಠವೂ ಆಗಲೇಬೇಕು. ಟಿಯೊ ಮನೆತನದವರು ಕ್ಲಾರಿನೆಟ್ ಪಾಠಕ್ಕೆ ಹೆಸರಾದವರು. ಲೊರೆಂಜೊ ಟಿಯೊ ಅವರ ಬಳಿ ಕಲಿತ ಬಾರ್ನಿ ಬಿಗಾರ್ಡ್ ಮುಂದೆ ಪಿಯಾನೊ ವಾದಕ ಡ್ಯೂಕ್ ಎಲಿಂಗ್ಟನ್ ಅವರ ಮೇಳ ಸೇರಿದರು. ಆರ್ಮ್‌ಸ್ಟ್ರಾಂಗ್ ಅವರ ಹೆಸರಾಂತ ರೆಕಾರ್ಡುಗಳಲ್ಲಿ ಬ್ಯಾಂಜೊ ನುಡಿಸಿದ ಜಾನಿ ಸೇಂಟ್ ಸಿರ್ ಕಸುಬಿನಿಂದ ಗಾರೆಯವರು. ಆದರೆ 1890ರಲ್ಲಿ ಲೂಯಿಸಿಯಾನಾ ರಾಜ್ಯ ರೈಲಿನಲ್ಲಿ ಬಿಳಿಯರಿಗೆ, ಕರಿಯರಿಗೆ ಬೇರೆ ಬೇರೆ ಬೋಗಿ ಎಂಬ ಕಾನೂನು ತಂದಿತು. ಅದನ್ನು ಪ್ರಶ್ನಿಸಿ ಬಿಳಿಯರ ಬೋಗಿಯಲ್ಲಿ ಕೂತ ಹೋಮರ್ ಪ್ಲೆಸಿ ಕೂಡ ಕ್ರಿಯೋಲ್, ಜೋಡು ಹೊಲಿಯುವವರು. 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅವರ ವಿರುದ್ಧವೇ ತೀರ್ಪು ಕೊಟ್ಟಿತು. ಹೀಗೆ ಸ್ವರ ಬರೆದ ಕಾಗದ ನೋಡಿ ನುಡಿಸುವ ಕ್ರಿಯೋಲರೂ ಕಿವಿಯಿಂದಲೇ ಕಲಿತು ಬ್ಲೂಸ್ ಎಂಬ ತಮ್ಮ ಜನಪದ ಧಾಟಿ ನುಡಿಸುವ ಕರಿಯರೂ ಕಾನೂನಿನ ಕಣ್ಣಿಗೆ ಒಂದೇ ಆದರು. ಒಂದೇ ಮೆರವಣಿಗೆ, ಒಂದೇ ಕುಣಿತದ ಹಾಲ್ ಹಂಚಿಕೊಳ್ಳಬೇಕಾಯಿತು. ಜಾಝ್ ಹುಟ್ಟಿಗೆ ಹತ್ತು ಕಾರಣ ಹೇಳುವವರಿದ್ದಾರೆ. ನನಗೆ ಇದು ದೊಡ್ಡ ಕಾರಣವಾಗಿ ಕಾಣುತ್ತದೆ.

ಇವರಲ್ಲಿ ಹೆಚ್ಚಿನವರು ಪೂರ್ತಿ ಸಂಗೀತವನ್ನೇ ನಂಬಿದವರಲ್ಲ. ನಮ್ಮ ವಾಲಗದವರು ಲಗ್ನದ ಸೀಸನ್ ಮುಗಿದ ಮೇಲೆ ಬೇರೆ ಕೆಲಸ ಹಿಡಿಯುವ ಹಾಗೆ, ಹಗಲು ಕರಣಿ, ರಾತ್ರಿ ಬ್ಯಾಂಜೊ. ಸಾವಿನ ಮೆರವಣಿಗೆಗೆ ಊದಿ ಬಂದ ಕಾಸಿಗೂ ಲೆಕ್ಕವಿತ್ತು.

ಇನ್ನು ಸ್ವಿಂಗ್ ಕಾಲಕ್ಕೆ ಬಂದರೆ, ಮೇಷ್ಟ್ರೇ, ನಿಮ್ಮ ಊಹೆ ತಲೆಕೆಳಗಾಗುತ್ತದೆ. ದೊಡ್ಡ ಮೇಳಕ್ಕೆ ಹದಿನೈದು ಜನಕ್ಕೆ ಹೊಂದುವಂತೆ ಬರವಣಿಗೆ ಬೇಕು, ಬರೆದದ್ದನ್ನು ಓದುವವರು ಬೇಕು. ಆ ಬರವಣಿಗೆಯ ಅಚ್ಚು ಹಾಕಿಕೊಟ್ಟವರಲ್ಲಿ ಮುಖ್ಯರು ಫ್ಲೆಚರ್ ಹೆಂಡರ್ಸನ್. ಜಾರ್ಜಿಯಾದ ಶಾಲಾ ಮುಖ್ಯೋಪಾಧ್ಯಾಯರ ಮಗ. 1920ರಲ್ಲಿ ಅಟ್ಲಾಂಟಾ ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರ, ಗಣಿತದಲ್ಲಿ ಪದವಿ ಪಡೆದು ಕೆಮಿಸ್ಟ್ ಆಗಲು ನ್ಯೂಯಾರ್ಕಿಗೆ ಬಂದರು. ಕರಿಯ ಪದವೀಧರನಿಗೆ ಪ್ರಯೋಗಾಲಯದ ಬಾಗಿಲು ತೆರೆಯುವ ಕಾಲ ಅದಾಗಿರಲಿಲ್ಲ. ಹಾಡಿನ ಪ್ರಕಾಶಕರೊಬ್ಬರ ಕಚೇರಿಯಲ್ಲಿ, ಬಂದ ಗಿರಾಕಿಗಳಿಗೆ ಹೊಸ ಹಾಡುಗಳನ್ನು ಪಿಯಾನೊದಲ್ಲಿ ನುಡಿಸಿ ತೋರಿಸುವ ಕೆಲಸ ಸಿಕ್ಕಿತು. ಅಲ್ಲಿಂದ ರೆಕಾರ್ಡ್ ಕಂಪನಿ, 1924ರ ಹೊತ್ತಿಗೆ ರೋಸ್‌ಲ್ಯಾಂಡ್ ನೃತ್ಯಶಾಲೆಯಲ್ಲಿ ಸ್ವಂತ ಮೇಳ. ಅದೇ ವರ್ಷ ಆರ್ಮ್‌ಸ್ಟ್ರಾಂಗ್ ಅವರನ್ನು ಕರೆಸಿಕೊಂಡವರೂ ಇವರೇ. ಸುಧಾರಣಾಲಯದ ಹುಡುಗನೂ ಕೆಮಿಸ್ಟ್ರಿ ಪದವೀಧರನೂ ಒಂದೇ ವೇದಿಕೆಯಲ್ಲಿ ಕೂತರು. ಒಬ್ಬರ ಲಯ ಇನ್ನೊಬ್ಬರ ಕಾಗದಕ್ಕೆ ಇಳಿಯಿತು.

ಹೆಂಡರ್ಸನ್‌ರಿಗೆ ವ್ಯವಹಾರ ಒಗ್ಗಲಿಲ್ಲ. ಮೇಳ ಚದುರಿತು. ಸಾಲದ ಕಾಲದಲ್ಲಿ ತಮ್ಮ ಸಂಯೋಜನೆಗಳನ್ನು ಬಿಳಿಯರ ಮೇಳದ ನಾಯಕ, ಕ್ಲಾರಿನೆಟ್ ವಾದಕ ಬೆನಿ ಗುಡ್‌ಮನ್ ಅವರಿಗೆ ಮಾರಿದರು. 1935ರ ಆಗಸ್ಟ್ 21ರಂದು ಲಾಸ್ ಏಂಜಲೀಸ್‌ನ ಪಾಲೊಮಾರ್ ಸಭಾಂಗಣದಲ್ಲಿ ಸಪ್ಪೆಯಾಗಿ ಶುರುವಾದ ಕಾರ್ಯಕ್ರಮ ಗುಡ್‌ಮನ್ ಆ ಕಾಗದಗಳನ್ನು ಹೊರತೆಗೆದಾಗ ಹೊತ್ತಿಕೊಂಡಿತು. ಸ್ವಿಂಗ್ ಯುಗ ಅಂದಿನಿಂದ ಅನ್ನುತ್ತಾರೆ. ‘ಸ್ವಿಂಗ್ ರಾಜ’ ಎಂಬ ಬಿರುದು ಬಂದದ್ದು ನುಡಿಸಿದವರಿಗೆ, ಬರೆದವರಿಗಲ್ಲ. 1939ರಲ್ಲಿ ಹೆಂಡರ್ಸನ್ ಅದೇ ಗುಡ್‌ಮನ್ ಮೇಳದಲ್ಲಿ ಸಂಬಳಕ್ಕೆ ಸೇರಿದರು.

ಗುಡ್‌ಮನ್‌ರನ್ನು ಉಳ್ಳವರ ಮಗ ಎಂದುಕೊಳ್ಳಬೇಡಿ. ಶಿಕಾಗೊದ ಬಡ ಯಹೂದಿ ದರ್ಜಿಯ ಹನ್ನೆರಡು ಮಕ್ಕಳಲ್ಲಿ ಒಂಬತ್ತನೆಯವರು. ಅಪ್ಪ ಮೂವರು ಹುಡುಗರನ್ನು ಯಹೂದಿ ಪ್ರಾರ್ಥನಾಮಂದಿರ ಸಿನಗಾಗ್‌ನ ಬ್ಯಾಂಡ್ ಪಾಠಕ್ಕೆ ಕರೆದೊಯ್ದಾಗ ಮೈಕಟ್ಟು ನೋಡಿ ವಾದ್ಯ ಹಂಚಿದರಂತೆ: ದೊಡ್ಡವನಿಗೆ ಟ್ಯೂಬಾ, ನಡುವಿನವನಿಗೆ ಟ್ರಂಪೆಟ್, ಎಲ್ಲರಿಗಿಂತ ಚಿಕ್ಕವ ಬೆನಿಗೆ ಕ್ಲಾರಿನೆಟ್. ಆಮೇಲೆ ಫ್ರಾಂಜ್ ಶೋಪ್ ಎಂಬ ಜರ್ಮನ್ ಮೇಷ್ಟ್ರ ಬಳಿ ಕಟ್ಟುನಿಟ್ಟಿನ ಪಾಶ್ಚಾತ್ಯ ಶಾಸ್ತ್ರೀಯ ಪಾಠ. ಶೋಪ್ ಮೇಷ್ಟ್ರು ಬಣ್ಣ ನೋಡಿ ಶಿಷ್ಯರನ್ನು ಆರಿಸಿದವರಲ್ಲ. ಕರಿಯರಾದ ಜಿಮಿ ನೂನ್, ಬಸ್ಟರ್ ಬೇಲಿ ಕೂಡ ಅಲ್ಲೇ ಕಲಿತವರು. ಒಬ್ಬನ ಪಾಠ ಮುಗಿದು ಇನ್ನೊಬ್ಬ ಬರುವ ಹೊತ್ತಿಗೆ ಇಬ್ಬರನ್ನೂ ಕೂರಿಸಿ ಜೊತೆಯಲ್ಲಿ ನುಡಿಸುತ್ತಿದ್ದರು. ಮುಂದೆ 1936ರಲ್ಲಿ ಗುಡ್‌ಮನ್ ತಮ್ಮ ಬಿಳಿಯರ ಮೇಳದ ನಡುವೆ ಕರಿಯ ಪಿಯಾನೊ ವಾದಕ ಟೆಡಿ ವಿಲ್ಸನ್ ಅವರನ್ನು ಬಹಿರಂಗವಾಗಿ ಕೂರಿಸಿಕೊಂಡರಲ್ಲ, ಅದರ ಬೀಜ ಆ ಪಾಠದ ಕೋಣೆಯಲ್ಲೇ ಬಿದ್ದಿರಬೇಕು ಎಂದು ನನ್ನ ಅನಿಸಿಕೆ. ವಿಲ್ಸನ್ ಬಂದದ್ದೂ ಓದಿದ ಮನೆಯಿಂದಲೇ. ಅಪ್ಪ ಟಸ್ಕೀಗಿ ಎಂಬ ಕರಿಯರ ವಿದ್ಯಾಸಂಸ್ಥೆಯಲ್ಲಿ ಇಂಗ್ಲಿಷ್ ಅಧ್ಯಾಪಕರು, ಅಮ್ಮ ಗ್ರಂಥಪಾಲಕಿ.

ನಿಮ್ಮ ವೃತ್ತಿಯವರೊಬ್ಬರನ್ನು ಇಲ್ಲಿ ಹೇಳದೆ ಬಿಟ್ಟರೆ ತಪ್ಪಾದೀತು. ಫಿಸ್ಕ್ ಪದವೀಧರ ಜಿಮಿ ಲನ್ಸ್‌ಫರ್ಡ್ ಮೆಂಫಿಸ್‌ನ ಮನಾಸಸ್ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದರು. ಶಾಲೆಯ ಹುಡುಗರನ್ನೇ ಕಟ್ಟಿಕೊಂಡು ಮಾಡಿದ ಬ್ಯಾಂಡು ಬೆಳೆದು 1934ರಲ್ಲಿ ನ್ಯೂಯಾರ್ಕಿನ ಹೆಸರಾಂತ ರಾತ್ರಿಕ್ಲಬ್ ಕಾಟನ್ ಕ್ಲಬ್ ಏರಿತು. ಶಿಸ್ತಿಗೆ ಆ ಮೇಳ ಹೆಸರುವಾಸಿ. ಎಲಿಂಗ್ಟನ್ ಅವರ ದಾರಿ ಬೇರೆ: ವಾಷಿಂಗ್ಟನ್‌ನಲ್ಲಿ ಬಟ್ಲರ್ ಆಗಿದ್ದವರ ಮಗ, ಚಿತ್ರಕಲೆ ಓದಲು ಸಿಕ್ಕ ವಿದ್ಯಾರ್ಥಿವೇತನ ಬಿಟ್ಟು ಅಂಗಡಿ ಬೋರ್ಡು ಬರೆಯುತ್ತ ಪಿಯಾನೊ ನುಡಿಸಿದರು. ಕುಣಿತದ ಪಾರ್ಟಿಗೆ ಬೋರ್ಡು ಬರೆಸಲು ಬಂದವರಿಗೆ ಬ್ಯಾಂಡು ಬೇಕೇ ಎಂದು ಕೇಳುತ್ತಿದ್ದರಂತೆ. ವ್ಯವಹಾರ ಅಂದರೆ ಅದು.

ಹಾಗೆಂದು ಎಲ್ಲರೂ ಕಾಗದದ ಮಂದಿಯೇ ಎಂದು ನಾನು ಹೇಳಿದರೆ ಅದು ಇನ್ನೊಂದು ತುದಿಯ ಸುಳ್ಳಾಗುತ್ತದೆ. ಮೂಕಿ ಚಿತ್ರಗಳಿಗೆ ಪಿಯಾನೊ ನುಡಿಸುತ್ತಿದ್ದ ಕೌಂಟ್ ಬೇಸಿ ಕಾನ್ಸಾಸ್ ಸಿಟಿಯಲ್ಲಿ ಕಟ್ಟಿದ ಮೇಳದಲ್ಲಿ ಎಷ್ಟೋ ರಚನೆಗಳು ಕಾಗದಕ್ಕೆ ಬರುವ ಮೊದಲೇ ಬಾಯಿಂದ ಬಾಯಿಗೆ, ಕಿವಿಯಿಂದ ಕಿವಿಗೆ ಕೂಡಿಕೊಂಡವು. ಕ್ಲಾರಿನೆಟ್, ಸ್ಯಾಕ್ಸೊಫೋನ್ ವಾದಕ ಸಿಡ್ನಿ ಬೆಶೆ ಕ್ರಿಯೋಲ್ ಮನೆಯಲ್ಲಿ, ಗುರುಗಳ ನಡುವೆಯೇ ಬೆಳೆದರೂ ಸ್ವರಲಿಪಿಗೆ ಕೊನೆವರೆಗೂ ಬಗ್ಗಲಿಲ್ಲ. 1919ರಲ್ಲಿ ಅವರನ್ನು ಕೇಳಿ ಬೆರಗಾಗಿ ಲೇಖನ ಬರೆದವರು ಸ್ವಿಟ್ಜರ್‌ಲ್ಯಾಂಡಿನ ಶಾಸ್ತ್ರೀಯ ವಾದ್ಯವೃಂದ ನಿರ್ದೇಶಕ ಅರ್ನೆಸ್ಟ್ ಅನ್ಸರ್ಮೆ. ನಿಮ್ಮ ಮೊಮ್ಮಗ ಬೆಶೆಯವರ ಹೆಸರೆತ್ತಿದರೆ ಉತ್ತರ ಕೊಡುವುದು ನಿಮಗೆ ಕಷ್ಟವೇ.

ಉತ್ತರಕ್ಕೆ ಬೇಕಾದ ಸರಕು ಅವರ ನಂತರದ ಬದುಕಿನಲ್ಲಿದೆ. 1929ರ ಆರ್ಥಿಕ ಕುಸಿತದ ಬಳಿಕ ರೆಕಾರ್ಡು ಕೊಳ್ಳುವವರು ಇಲ್ಲವಾದರು. ಬೆಶೆ 1933ರಲ್ಲಿ ಟ್ರಂಪೆಟ್ ವಾದಕ ಟಾಮಿ ಲಾಡ್ನಿಯರ್ ಜೊತೆ ನ್ಯೂಯಾರ್ಕಿನ ಕರಿಯರ ಬಡಾವಣೆ ಹಾರ್ಲೆಮ್‌ನಲ್ಲಿ ಬಟ್ಟೆ ಹೊಲಿಯುವ, ಇಸ್ತ್ರಿ ಮಾಡುವ ಅಂಗಡಿ ಇಟ್ಟರು. ಟ್ರೊಂಬೋನ್‌ನ ಹಿರಿಯ ಕಿಡ್ ಓರಿ ಲಾಸ್ ಏಂಜಲೀಸ್‌ನಲ್ಲಿ ಕೋಳಿ ಸಾಕಿದರು. ಕ್ಲಾರಿನೆಟ್‌ನ ಜಾರ್ಜ್ ಲೂಯಿಸ್ ಬಂದರಿನಲ್ಲಿ ಮೂಟೆ ಹೊತ್ತರು. ಇವರಲ್ಲೆಲ್ಲ ಕಿಂಗ್ ಆಲಿವರ್ ಅವರದು ಸಂಕಟದ ಕಥೆ. 1927ರಲ್ಲಿ ಕಾಟನ್ ಕ್ಲಬ್ ಕರೆದಾಗ ಸಂಬಳ ಸಾಲದೆಂದು ಬಿಟ್ಟರು. ಆ ಜಾಗಕ್ಕೆ ಹೋದ ಎಲಿಂಗ್ಟನ್ ರೇಡಿಯೊ ಮೂಲಕ ದೇಶಕ್ಕೆಲ್ಲ ಪರಿಚಿತರಾದರು. ಆಲಿವರ್‌ಗೆ ಒಸಡು ಕೆಟ್ಟು ಹಲ್ಲು ಹೋದವು. ಊದುವವನಿಗೆ ಹಲ್ಲೇ ಬಂಡವಾಳ. ಜಾರ್ಜಿಯಾದ ಸವಾನ್ನಾದಲ್ಲಿ ತರಕಾರಿ ಮಾರಿ, ಆಮೇಲೆ ಬಿಲಿಯರ್ಡ್ಸ್ ಹಾಲೊಂದರಲ್ಲಿ ಕಸ ಗುಡಿಸುತ್ತಿದ್ದರು. 1938ರಲ್ಲಿ ತೀರಿಕೊಂಡರು. ಸಾಯುವ ಮೊದಲು ಶಿಷ್ಯ ಆರ್ಮ್‌ಸ್ಟ್ರಾಂಗ್ ಆ ಊರಿಗೆ ಹೋದಾಗ ತರಕಾರಿ ಗಾಡಿಯ ಬಳಿ ಗುರುವನ್ನು ಕಂಡು ಜೇಬಿನಲ್ಲಿದ್ದ ಹಣ ಕೊಟ್ಟದ್ದನ್ನು ಹೇಳಿಕೊಂಡಿದ್ದಾರೆ.

ಹಲ್ಲಿನ ಮಾತು ಬಂತು, ಟ್ರಂಪೆಟ್ ವಾದಕ ಬಂಕ್ ಜಾನ್ಸನ್ ನೆನಪಾದರು. ಹಳೆಯ ನ್ಯೂ ಆರ್ಲಿಯನ್ಸ್ ಸಂಗೀತವನ್ನು ಹುಡುಕುತ್ತಿದ್ದ ಸಂಶೋಧಕರಿಗೆ 1930ರ ದಶಕದ ಕೊನೆಯಲ್ಲಿ ಲೂಯಿಸಿಯಾನಾದ ನ್ಯೂ ಐಬೀರಿಯಾ ಎಂಬ ಊರಿನಲ್ಲಿ ಕೂಲಿನಾಲಿ ಮಾಡಿಕೊಂಡಿದ್ದ ಈ ಮುದುಕ ಸಿಕ್ಕರು. ‘ಹಲ್ಲು ಕಟ್ಟಿಸಿ ಕೊಡಿ, ಟ್ರಂಪೆಟ್ ಕೊಡಿ, ಊದುತ್ತೇನೆ’ ಎಂದರು. ಹಲ್ಲು ಕಟ್ಟಿಕೊಟ್ಟವರು ಬೆಶೆಯವರ ಅಣ್ಣ ಲೆನರ್ಡ್, ಅವರು ದಂತವೈದ್ಯರು. 1942ರಲ್ಲಿ ರೆಕಾರ್ಡಿಂಗ್ ಆಯಿತು, ಹಳೆಯ ಜಾಝ್‌ಗೆ ಮತ್ತೆ ಬೇಡಿಕೆ ಬಂತು. ಓರಿ ಅವರೂ 1944ರಲ್ಲಿ ಸಿನಿಮಾ ನಟ, ನಿರ್ದೇಶಕ ಆರ್ಸನ್ ವೆಲ್ಸ್ ಅವರ ರೇಡಿಯೊ ಕಾರ್ಯಕ್ರಮದ ಮೂಲಕ ಕೋಳಿ ಗೂಡಿನಿಂದ ವೇದಿಕೆಗೆ ಮರಳಿದರು. ಬಂಕ್ ತಮ್ಮ ವಯಸ್ಸನ್ನು ಹತ್ತು ವರ್ಷ ಏರಿಸಿಯೇ ಹೇಳುತ್ತಿದ್ದರೆಂದು ಈಗಿನ ವಿದ್ವಾಂಸರ ವಾದ. ಹಿರಿತನಕ್ಕೆ ಬೆಲೆ ಇರುವ ಕಡೆ ಯಾರು ತಾನೆ ಚಿಕ್ಕವರಾಗುತ್ತಾರೆ!

ಸ್ಥಿರವಾದ ನೌಕರಿ ಸಿಕ್ಕವರೂ ಇದ್ದರು. ಸ್ಯಾಕ್ಸೊಫೋನಿನ ಹ್ಯಾರಿ ಕಾರ್ನಿ ಹದಿನೇಳರ ವಯಸ್ಸಿನಲ್ಲಿ ಎಲಿಂಗ್ಟನ್ ಮೇಳ ಸೇರಿ 1974ರವರೆಗೆ ಬಿಡಲಿಲ್ಲ. ಗಿಟಾರಿನ ಫ್ರೆಡಿ ಗ್ರೀನ್ ಬೇಸಿ ಮೇಳದಲ್ಲಿ 1937ರಿಂದ 1987ರವರೆಗೆ ಹೆಚ್ಚುಕಡಿಮೆ ಒಂದೇ ಕುರ್ಚಿಯಲ್ಲಿ ಕೂತರು. ಇದರ ಹಿಂದೆ ಎಂಥ ಓಡಾಟ ಗೊತ್ತೇ? ದಕ್ಷಿಣದ ರಾಜ್ಯಗಳಲ್ಲಿ ಕರಿಯರಿಗೆ ಹೋಟೆಲಿನಲ್ಲಿ ಕೋಣೆ ಕೊಡುತ್ತಿರಲಿಲ್ಲವಾದ್ದರಿಂದ ಎಲಿಂಗ್ಟನ್ ಮೇಳ ರೈಲಿನ ಮಲಗುವ ಬೋಗಿಗಳನ್ನೇ ಬಾಡಿಗೆ ಹಿಡಿದು ಅದರಲ್ಲೇ ಉಂಡು, ಅದರಲ್ಲೇ ಮಲಗಿ ಊರೂರು ಸುತ್ತಿತು. ಹೆಂಗಸರಿಗೆ ಮೇಳದಲ್ಲಿ ಗಾಯಕಿಯ ಕುರ್ಚಿಯೊಂದೇ ಎಂಬ ವಾಡಿಕೆಯನ್ನು ಮಿಸಿಸಿಪಿಯ ಪೈನಿ ವುಡ್ಸ್ ಶಾಲೆಯ ಹುಡುಗಿಯರು ಮುರಿದರು. ಶಾಲೆಗೆ ಹಣ ಕೂಡಿಸಲು 1937ರಲ್ಲಿ ಕಟ್ಟಿದ ಆ ಬ್ಯಾಂಡಿನವರು 1941ರಲ್ಲಿ ಶಾಲೆಯಿಂದ ಬೇರೆಯಾಗಿ ಸ್ವಂತ ಕಾಲ ಮೇಲೆ ನಿಂತರು.

ಸ್ವಿಂಗ್ ಮೇಳಗಳು ಮುರಿದದ್ದಕ್ಕೆ ಎರಡನೆಯ ಮಹಾಯುದ್ಧ ಒಂದು ಕಾರಣ: ವಾದಕರು ಸೈನ್ಯಕ್ಕೆ ಹೋದರು, ಬಸ್ಸಿಗೆ ಪೆಟ್ರೋಲ್ ಇಲ್ಲ. 1942ರ ಆಗಸ್ಟಿನಿಂದ ವಾದಕರ ಸಂಘವೇ ರೆಕಾರ್ಡಿಂಗ್ ಮುಷ್ಕರ ಹೂಡಿತು. 1944ರಲ್ಲಿ ಕುಣಿತದ ಹಾಲ್‌ಗಳ ಮೇಲೆ ಭಾರಿ ತೆರಿಗೆ ಬಿತ್ತು. ಇದರಲ್ಲಿ ನಮ್ಮದೂ ಒಂದು ಎಳೆಯಿದೆ. ಆಗಿನ ಗ್ರಾಮೊಫೋನ್ ತಟ್ಟೆಗೆ ಬೇಕಾದ ಅರಗು ಹೋಗುತ್ತಿದ್ದದ್ದು ಬಹುಪಾಲು ಭಾರತದಿಂದ. ಹಡಗಿನ ದಾರಿಗಳು ಕಟ್ಟಿ, ಇದ್ದ ದಾಸ್ತಾನನ್ನು ಯುದ್ಧಕ್ಕೆ ಕಾಯ್ದಿಟ್ಟಾಗ ತಟ್ಟೆಗಳಿಗೂ ಬರ ಬಂತು.

ಇಂಗ್ಲೆಂಡಿನ ‘ಟ್ರ್ಯಾಡ್’ (ಹಳೆಯ ಧಾಟಿಯ ಜಾಝ್) ಮಂದಿಯ ಬಗ್ಗೆ ಎರಡೇ ಮಾತು. ಅಲ್ಲಿ ಸಿರಿವಂತರ ಶಾಲೆ ಈಟನ್‌ನಲ್ಲಿ ಓದಿ ಸೈನ್ಯಾಧಿಕಾರಿಯಾಗಿದ್ದ ಹಂಫ್ರಿ ಲಿಟಲ್‌ಟನ್ ಟ್ರಂಪೆಟ್ ಊದಿದರು. ಸರಕು ಹಡಗಿನ ನೌಕರ ಕೆನ್ ಕಾಲಿಯರ್ 1952ರಲ್ಲಿ ಅಮೆರಿಕದ ಬಂದರಿನಲ್ಲಿ ಹಡಗು ಬಿಟ್ಟು ಓಡಿ, ನ್ಯೂ ಆರ್ಲಿಯನ್ಸ್‌ಗೆ ಹೋಗಿ ಜಾರ್ಜ್ ಲೂಯಿಸ್ ಬಳಗದ ಜೊತೆ ನುಡಿಸಿ, ವೀಸಾ ಮುಗಿದದ್ದಕ್ಕೆ ಜೈಲು ಕಂಡು ಬಂದರು. ಕಮ್ಮಾರಿಕೆ ಮಾಡಿದ್ದ ಆಕರ್ ಬಿಲ್ಕ್ ಕ್ಲಾರಿನೆಟ್ ಸಾಧನೆ ಮಾಡಿದ್ದು ಈಜಿಪ್ಟಿನಲ್ಲಿ, ಕಾವಲಿನ ಹೊತ್ತಿನಲ್ಲಿ ನಿದ್ದೆ ಹೋದದ್ದಕ್ಕೆ ಹಾಕಿದ ಮಿಲಿಟರಿ ಸೆರೆಯಲ್ಲಿ.

ಕೊನೆಯದಾಗಿ ನಮ್ಮ ದೇಶದ ಮಾತು. ಬಂದಿತ್ತು, ಚೆನ್ನಾಗಿಯೇ ಬಂದಿತ್ತು. 1930ರ ದಶಕದಲ್ಲಿ ಬೊಂಬಾಯಿಯ ತಾಜ್ ಹೋಟೆಲಿನಲ್ಲಿ ಅಮೆರಿಕದ ಕರಿಯ ವಾದಕರ ಮೇಳಗಳು ನುಡಿಸಿದವು. ಶಿಕಾಗೊದಲ್ಲಿ ಹೆಸರು ಮಾಡಿ, ಶಾಂಘೈ ಸುತ್ತಿ ಬಂದ ಪಿಯಾನೊ ವಾದಕ ಟೆಡಿ ವೆದರ್‌ಫೋರ್ಡ್ ಇಲ್ಲಿಯೇ ನೆಲೆ ನಿಂತು 1945ರಲ್ಲಿ ಕಲ್ಕತ್ತೆಯಲ್ಲಿ ಕಾಲರಾದಿಂದ ತೀರಿಕೊಂಡರು. ಇವರ ಪಕ್ಕದಲ್ಲಿ ನುಡಿಸಿ ಪಳಗಿದವರು ಗೋವೆಯ ವಾದಕರು. ಇಗರ್ಜಿಯ ಶಾಲೆಗಳಲ್ಲಿ ಎಳವೆಯಲ್ಲೇ ಸ್ವರಲಿಪಿ, ಪಿಟೀಲು ಕಲಿತಿದ್ದ ಇವರಿಗೆ ಜಾಝ್ ಕಾಗದ ಓದುವುದು ನೀರು ಕುಡಿದಷ್ಟು ಸಲೀಸು. ಅಲ್ಡೋನಾ ಊರಿನ ಆಂಟೋನಿಯೊ ಜೇವಿಯರ್ ವಾಜ್ ‘ಚಿಕ್ ಚಾಕೊಲೇಟ್’ ಎಂಬ ಹೆಸರಿನಲ್ಲಿ ಆರ್ಮ್‌ಸ್ಟ್ರಾಂಗ್ ಧಾಟಿಯಲ್ಲಿ ಟ್ರಂಪೆಟ್ ಊದಿ ಬೊಂಬಾಯಿಯನ್ನು ಗೆದ್ದವರು. ಹಗಲು ಸಿನಿಮಾ ಸ್ಟುಡಿಯೊ, ರಾತ್ರಿ ಹೋಟೆಲ್ ಎಂಬುದು ಆ ಪೀಳಿಗೆಯ ಎಷ್ಟೋ ಗೋವನ್ನರ ದಿನಚರಿ. ಸಿ. ರಾಮಚಂದ್ರ ಸಂಗೀತದ, 1951ರ ‘ಅಲ್ಬೇಲಾ’ ಹಿಂದಿ ಚಿತ್ರದಲ್ಲಿ ಚಿಕ್ ತಮ್ಮ ಮೇಳದೊಂದಿಗೆ ತೆರೆಯ ಮೇಲೂ ಇದ್ದಾರೆ. ಆ ಚಿತ್ರ ಬಂದಾಗ ನೀವು ಹುಡುಗರಾಗಿದ್ದಿರಬಹುದು, ಮೇಷ್ಟ್ರೇ. ಹಾಗಿದ್ದರೆ ಸ್ವಿಂಗನ್ನು ನೀವು ನನಗಿಂತ ಎಷ್ಟೋ ಮೊದಲೇ ಕೇಳಿದ್ದೀರಿ.

— ಸಂ.