ಹಗಲು ನರ್ಸಿಂಗ್ ಹೋಮ್, ರಾತ್ರಿ ಹೋಮ್ ಕೇರ್: ಎರಡನೇ ಕೆಲಸ ಬಿಡ್ಲಾ ಬೇಡ್ವಾ?

ಹಗಲು ಡ್ಯೂಟಿ ಮುಗಿಸಿ ರಾತ್ರಿ ಏಜೆನ್ಸಿ ಕಡೆಯಿಂದ ಹಾಸಿಗೆ ಹಿಡಿದಿರೋ ಅಜ್ಜಿನ ನೋಡ್ಕೊಳ್ತಿದೀನಿ, ಸಾಕಾಗಿದೆ ಅಂತ ಕೇಳಿದೀರಾ. ನನ್ನ ಪ್ರಕಾರ ಬಿಡಿ, ಆದ್ರೆ ನಾಳೇನೇ ಅಲ್ಲ.

ದುಡ್ಡಿಗಿಂತ ಮೊದ್ಲು ನಿದ್ದೆ ಲೆಕ್ಕ ಹಾಕಿ. ಬೆಡ್ ಸೋರ್ (ಒಂದೇ ಕಡೆ ಮಲಗಿ ಆಗೋ ಹುಣ್ಣು) ಆಗ್ದಂಗೆ ಸುಮಾರು 2 ಗಂಟೆಗೊಂದ್ಸಲ ಮಗ್ಗಲು ಬದಲಿಸ್ಬೇಕು, ಮೂಗಿನ ಟ್ಯೂಬಲ್ಲಿ ಫೀಡ್ ಕೊಡೋದಿದ್ರೆ ತಲೆ ಕಡೆ 30–45 ಡಿಗ್ರಿ ಎತ್ತಿರ್ಬೇಕು, ಇಲ್ಲಾಂದ್ರೆ ಶ್ವಾಸಕೋಶಕ್ಕೆ ಹೋಗ್ಬಹುದು, ಹಿಂಗಿರೋವಾಗ "ಪೇಷಂಟ್ ಮಲಗಿದ್ಮೇಲೆ ನೀನೂ ಮಲ್ಕೋಬಹುದಮ್ಮ" ಅಂತ ಏಜೆನ್ಸಿಯವ್ರು ಹೇಳೋದು ಬರೀ ಬಾಯಿಮಾತು. ಬೆಳಗ್ಗೆ ಅದೇ ಕಣ್ಣಲ್ಲಿ ವಾರ್ಡಿಗೆ ಹೋಗಿ, ಇನ್ಸುಲಿನ್ 4 ಯೂನಿಟ್ಟೋ 14 ಯೂನಿಟ್ಟೋ ಚಾರ್ಟ್ ನೋಡಿದ್ರೂ ತಲೆಗೆ ಹೋಗ್ತಿಲ್ಲ ಅನ್ನೋ ಹಾಗಾಗಿದ್ರೆ ಇನ್ನು ಯೋಚ್ನೆ ಮಾಡೋಕೇನೂ ಇಲ್ಲ.

ಆಮೇಲೆ ದುಡ್ಡು. ಕಮಿಷನ್, ಆಟೋ, ಅಡುಗೆ ಮಾಡೋಕಾಗ್ದೆ ಹೊರಗಡೆ ತಿನ್ನೋ ಖರ್ಚು ಕಳೆದು ಕೈಗೆಷ್ಟು ಉಳಿಯತ್ತೆ ನೋಡಿ. ಇಎಂಐ ಅದ್ರ ಮೇಲೇ ನಿಂತಿದ್ರೆ ವಾರದ ರಜೆ ಹಿಂದಿನ ರಾತ್ರಿ ಮಾತ್ರ ಬರ್ತೀನಿ ಅಂತ ಏಜೆನ್ಸಿಯವ್ರನ್ನ ಕೇಳಿ ನೋಡಿ, ರಜೆ ಹಾಕಿದವ್ರ ಬದ್ಲು ಬರೋ ರಿಲೀವರ್ ಅವ್ರಿಗೂ ಬೇಕಾಗ್ತಾರೆ.

ಒರಿಜಿನಲ್ ಸರ್ಟಿಫಿಕೇಟ್ ಏಜೆನ್ಸಿ ಹತ್ರ ಇದ್ರೆ ಮೊದ್ಲು ಇಸ್ಕೊಳ್ಳಿ (ಇದನ್ನ ತುಂಬಾ ಜನ ಮರೀತಾರೆ), ಆಮೇಲೆ ವಾಟ್ಸಾಪಲ್ಲಾದ್ರೂ ಡೇಟ್ ಹಾಕಿ ಬರೆದು ತಿಳಿಸಿ. ಅಜ್ಜಿ ಮನೆಯವ್ರಿಗೆ ಮಾತ್ರ ನೀವೇ ಖುದ್ದಾಗಿ ಹೇಳಿ, ಹೊಸಬ್ರು ಬಂದಾಗ ಫೀಡ್, ಮಾತ್ರೆ ಟೈಮು, ಎಲ್ಲಿ ಚರ್ಮ ಕೆಂಪಾಗಿದೆ ಅನ್ನೋದೆಲ್ಲ ತೋರ್ಸಿಕೊಟ್ಟು ಬನ್ನಿ.